ವರ್ತನೆಯ ಹೂವು

ಈ ಸ್ಮರಣಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಸಂಘದ ಸೋದರಿಯರು ಕೇಳಿದಾಗ, ಹೇಳಿಕೊಳ್ಳತಕ್ಕ ದೊಡ್ಡ ವಿಷಯವೊಂದೂ ನನ್ನಲ್ಲಿಲ್ಲವೆಂದು ಜವಾಬು ಬರೆದೆನು. ಚಿಕ್ಕದಾದರೂ ಆಗಲಿ ಎಂದು ಮರಳಿ ಅಪ್ಪಣೆಯಾಯಿತು. ಆದುದರಿಂದ, ಮಧುಗಿರಿಯಲ್ಲಿರುವ ನನ್ನ ತಾಯಿಗೆ ನಾನು ಬೆಂಗಳೂರಿನಿಂದ ಎರಡು ಸಲ ಹೂವು ಕಳುಹಿಸಿದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ಮೊದಲನೆಯ ಸಲ ನಾನು ಸೋತೆನು.

ನಮ್ಮ ಕಾಲದ ಹುಡುಗಿಯರಿಗೆ ಜ್ಞಾಪಕವಿರಬಹುದು. ವಾರ್ಷಿಕೋತ್ಸವದ ದಿವಸ ಅಗ್ರಾಸನಾಧಿಪತಿಗಳಿಗೆ ಹೂಗುಚ್ಛವನ್ನು ಕೊಡುವ ಹುಡುಗಿಯೆನಿಸಿಕೊಳ್ಳುವುದು ತರಗತಿಗೆ ಮೊದಲನೆಯವಳಾಗುವುದಕ್ಕಿಂತಲೂ ಹೆಚ್ಚಿನ ಮರ್ಯಾದೆಯಾಗಿತ್ತು. ಗುಚ್ಛವನ್ನು ಅಂಗಡಿಯಿಂದ ತರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಬಿಸಿಲೇರುವ ಮೊದಲೇ ಹಾಸ್ಟೆಲಿನ ಹುಡುಗಿಯರು ಶಾಲೆಯ ತೋಟದಲ್ಲಿ ಜಿನಿಯಾ, ಆಸ್ಟರ್, ಕ್ರೋಟನ್ನಿನ ಎಲೆ ಇವುಗಳನ್ನು ಉದ್ದನೆಯ ದಂಟಿನೊಡನೆ ಕೊಯ್ದು, ಬಕೆಟ್ಟಿನ ನೀರಿನಲ್ಲಿ ಕತ್ತಿನವರೆಗೂ ಮುಳುಗಿಸಿ, ಕತ್ತಲೆಯ ಉಗ್ರಾಣದಲ್ಲಿ ಇಡುತ್ತಿದ್ದೆವು. ಮಧ್ಯಾಹ್ನ ಅವನ್ನು ಬಾಳೆನಾರಿನಿಂದ ಕಟ್ಟುವ ಹೊತ್ತಿಗೆ ಹೊಲಿಗೆಯ ಟೀಚರು ಬಂದು, ಒಂದೊಂದು ದಂಟಿನ ತುದಿಯನ್ನೂ ನೀರೊಳಗೆಯೇ ಓರೆಯಾಗಿ ಮತ್ತೊಮ್ಮೆ ಕತ್ತರಿಸುವರು. "ಹೂವಿನ ಬಾಯಿ ಇರುವುದು ಮೇಲಲ್ಲ, ಕೆಳಗೆ. ಅದು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕು" ಎಂದು ಅವರು ಹೇಳುತ್ತಿದ್ದರು. ಕೊಯ್ದ ದಂಟು ಬಯಲಿನಲ್ಲಿದ್ದರೆ ಅದರ ಸೂಕ್ಷ್ಮನಾಳಗಳೊಳಕ್ಕೆ ಗಾಳಿ ಸೇರಿ, ಆಮೇಲೆ ನೀರಿಟ್ಟರೂ ಮೇಲಕ್ಕೇರುವುದು ಕಷ್ಟವೆಂಬ ಶಾಸ್ತ್ರವನ್ನು ನಾನು ಕಾಲೇಜಿನಲ್ಲಿ ಓದಿದೆನು. ಓದಿದಾಗ ನನಗೆ ಕಾಣಿಸಿದ್ದು ಆ ಬಕೆಟ್ಟೇ.

ಮನೆಯ ಬಾಗಿಲಿಗೆ ಹೂವು ತರಿಸಿಕೊಳ್ಳುವ ಏರ್ಪಾಡು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಅದಕ್ಕೆ ವರ್ತನೆ ಎಂದು ಹೆಸರು. ದಿನಕ್ಕೆ ಇಷ್ಟು ಮೊಳವೆಂದು ಗೊತ್ತುಮಾಡಿಕೊಂಡರೆ ಹೂವಾಡಗಿತ್ತಿಯು ಬೆಳಗಾಗುತ್ತಲೂ ತಂದುಕೊಡುವಳು; ಹಣ ತಿಂಗಳಿಗೊಮ್ಮೆ. ಅಳತೆಗೋಲು ಅವಳ ಮೊಳಕೈ. ಆ ಮೊಳಕೈ ಹಬ್ಬದ ದಿವಸಗಳಲ್ಲಿ ಗಿಡ್ಡವಾಗುವುದೆಂದು ಬೀದಿಯ ಹೆಂಗಸರೆಲ್ಲರೂ ದೂರುತ್ತಿದ್ದರು, ಆದರೆ ವರ್ತನೆಯನ್ನು ಬಿಟ್ಟವರಿಲ್ಲ. ಏಕಶಿಲೆಯ ಬೆಟ್ಟದ ಕೆಳಗಿನ ನಮ್ಮ ಬೀದಿಗೆ ಬರುತ್ತಿದ್ದವಳನ್ನು ನಾವು ಹೂವಮ್ಮನೆಂದು ಕರೆಯುತ್ತಿದ್ದೆವು. ನಮ್ಮ ತಾಯಿಗೆ ದಿನಕ್ಕೊಂದು ಮೊಳ ಕನಕಾಂಬರ, ಶುಕ್ರವಾರ ಮಲ್ಲಿಗೆ. ಕನಕಾಂಬರಕ್ಕೆ ಪರಿಮಳವಿಲ್ಲ. ಆದರೆ ಅದು ಹಗುರ, ಬಹು ಹೊತ್ತು ಬಾಡದು. ಇದು ದಕ್ಷಿಣ ಹಿಂದೂಸ್ಥಾನದ ಮಣ್ಣಿನದೇ ಗಿಡ. ನಾವು ದೇವರಿಗೇರಿಸುವ ಚೆಂಡುಹೂವೂ ಸುಗಂಧರಾಜವೂ ಮೆಕ್ಸಿಕೋ ದೇಶದಿಂದ ಬಂದವುಗಳೆಂದರೆ ನಮ್ಮ ತಾಯಿ ನಂಬಲಿಲ್ಲ.

೨೦೦೯ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಹನ್ನೊಂದನೆಯ ದಿನದ ಬೆಳಿಗ್ಗೆ ಹೂವಮ್ಮ ಎಂದಿನಂತೆ ಬಾಗಿಲಿಗೆ ಬಂದಳು. ಪಾಪ, ಅಭ್ಯಾಸಬಲದಿಂದ ಬಂದಿರಬೇಕು. ನಮ್ಮ ಸೋದರತ್ತೆಯವರು ಹೊರಕ್ಕೆ ಹೋಗಿ, "ಇನ್ನು ಮೇಲೆ ಈ ಮನೆಗೆ ಬೇಡಮ್ಮ" ಎಂದರು. ನಾನು ಹಜಾರದಲ್ಲಿಯೇ ನಿಂತಿದ್ದೆನು. ಮಿಷನ್ ಶಾಲೆಯಲ್ಲಿ ಓದಿ, ಪದವಿಯನ್ನೂ ಪಡೆದು, ಸಭೆಗಳಲ್ಲಿ ಸ್ತ್ರೀಯರ ವಿಷಯವಾಗಿ ಮಾತನಾಡಿದ್ದ ನಾನು ತುಟಿಯನ್ನು ಎರಡುಮಾಡಲಿಲ್ಲ. ಅಷ್ಟೇ ಅಲ್ಲ, ಆ ಸಂಜೆ ಬೆಂಗಳೂರಿಗೆ ಹೊರಟಾಗ ಬಸ್ ನಿಲ್ದಾಣದಲ್ಲಿ ಅದೇ ಹೂವಮ್ಮನ ಹತ್ತಿರ ಒಂದು ಮೊಳ ಕೊಂಡು ನಾನು ಮುಡಿದುಕೊಂಡೆನು. ಅವಳು ನನ್ನ ಮುಖವನ್ನು ನೋಡಿದಳು. ಏನೂ ಹೇಳಲಿಲ್ಲ.

೨೦೧೯ರಲ್ಲಿ ನಮ್ಮ ತಾಯಿಗೆ ಎಪ್ಪತ್ತು ತುಂಬಿತು. ಮುಡಿಯುವುದಕ್ಕೆ ಬೇಡವಾದರೆ ಹೋಗಲಿ, ಕೈಗಾದರೂ ಹೂವು ಕೊಡಬಹುದಲ್ಲವೇ ಎಂದು ನನಗೆ ತೋರಿ, ಬೆಂಗಳೂರಿನ ಒಂದು ಅಂಗಡಿಗೆ ಮೊಬೈಲಿನ ಮೂಲಕವೇ ಹಣ ಕಟ್ಟಿ ಗುಚ್ಛಕ್ಕೆ ಹೇಳಿದೆನು. ಅವರ ಊರುಗಳ ಪಟ್ಟಿಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲವೂ ಇದ್ದವು. ಅಂದೇ ತಲುಪಿಸುವೆವೆಂದು ವಾಗ್ದಾನವೂ ಇತ್ತು. ಗುಚ್ಛವು ಮರುದಿನ ಮೂರು ಗಂಟೆಗೆ ತಲುಪಿತು. ಸುಮಾರು ನೂರು ಕಿಲೋಮೀಟರು ದೂರ, ಪ್ಲಾಸ್ಟಿಕ್ ಹಾಳೆಯೊಳಗೆ ಉಸಿರುಕಟ್ಟಿ, ದಂಟಿಗೆ ನೀರಿಲ್ಲದೆ, ಬೇಸಗೆಯಲ್ಲಿ ಬಂದ ಗುಲಾಬಿಗಳು ಹೇಗಿರಬೇಕೋ ಹಾಗಿದ್ದವು. ಹುಡುಗನು ಮನೆ ಸಿಕ್ಕದೆ ಬೀದಿಯಲ್ಲೆಲ್ಲಾ ನಮ್ಮ ತಾಯಿಯ ಹೆಸರನ್ನು ಕೂಗಿ ವಿಚಾರಿಸಿದ್ದರಿಂದ ನಾಲ್ಕು ಜನ ನೆರೆಹೊರೆಯವರೂ ಸೇರಿದ್ದರಂತೆ. "ಬಾಡಿದ ಹೂವನ್ನು ನನಗೆ ಯಾಕೆ ಕಳಿಸಿದೆ, ಮಗಳೇ?" ಎಂದು ನಮ್ಮ ತಾಯಿ ಕೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚಾಗಿ ನೋಯಿಸಿತು.

ವಿಪರೀತವೇನೆಂದರೆ, ನಮ್ಮ ಸೀಮೆಗೆ ಹೂವಿನ ಬರವೆಂಬುದಿಲ್ಲ. ಶಿಕ್ಷಣ ಇಲಾಖೆಯವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಟ್ಟುಮಾಡಿರುವ ಈ ನಾಲ್ಕು ತಾಲ್ಲೂಕುಗಳೂ ಮಳೆಗೆ ಬಡವಾದವು, ನಿಜ. ಆದರೆ ಕೊಳವೆಬಾವಿಯ ಸ್ವಲ್ಪ ನೀರಿನಲ್ಲಿ ಅರ್ಧ ಎಕರೆ ಸೇವಂತಿಗೆಯನ್ನೋ ಕನಕಾಂಬರವನ್ನೋ ಬೆಳೆದು ಮಕ್ಕಳ ಶಾಲೆಯ ಫೀಜು ಕಟ್ಟುವ ಸಂಸಾರಗಳು ಎಷ್ಟೋ ಉಂಟು. ಶಿರಾದ ಮಾತನ್ನಂತೂ ಹೇಳಲೇಬೇಕು. ೧೬೮೭ರ ತರುವಾಯ ಮೊಗಲರ ಸುಬಾಕ್ಕೆ ರಾಜಧಾನಿಯಾಗಿದ್ದ ಆ ಊರಿನಲ್ಲಿ ಖಾನ್ ಬಾಗ್ ಎಂಬ ಉದ್ಯಾನವನವಿತ್ತು. ಹೈದರಾಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಮಾಡಿಸುವುದಕ್ಕೆ ಅದೇ ಪ್ರೇರಣೆಯೆಂದು ಹೇಳುವರು. ಹಾಗಿರುವಾಗ ಬೆಂಗಳೂರಿನಿಂದ ನಮ್ಮೂರಿಗೆ ಹೂವು ತರಿಸುವೆನೆಂದು ಹೊರಟ ನನ್ನ ಬುದ್ಧಿಗೆ ಏನೆನ್ನಬೇಕು!

ಇದಕ್ಕೊಂದು ಕಾರಣವೂ ಉಂಟು. ನಮ್ಮ ರೈತರು ಬೆಳೆಯುವುದು ಬಿಡಿಹೂವು. ಅದನ್ನು ದಂಟಿಲ್ಲದೆ ತಲೆಯನ್ನಷ್ಟೇ ಬಿಡಿಸಿ ಮೂಟೆಗೆ ತುಂಬುವರು. ಅದು ಕಟ್ಟುವುದಕ್ಕೂ ಪೋಣಿಸುವುದಕ್ಕೂ ಸರಿ. ಗುಚ್ಛಕ್ಕೆ ದಂಟು ಬೇಕು. ದಂಟಿನ ಗುಲಾಬಿ, ಜರ್ಬೆರಾಗಳು ಬೆಂಗಳೂರಿನ ಸುತ್ತಣ ಪಾಲಿಹೌಸುಗಳವು. ನಮ್ಮ ಮಾರುಕಟ್ಟೆಯಲ್ಲಿ ಹೂವು ರಾಶಿಯಾಗಿ ಬಿದ್ದಿದ್ದರೂ ನೆಟ್ಟಗೆ ನಿಲ್ಲುವ ಹೂವು ಅಪರೂಪ.

೨೦೨೦ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಯಿತು. ದೇವಸ್ಥಾನಗಳು ಮುಚ್ಚಿದವು, ಮದುವೆಗಳು ನಿಂತವು. ಬೆಳೆದವರು ಹೂವನ್ನು ಗಿಡದಲ್ಲಿಯೇ ಬಿಟ್ಟರು, ಕೆಲವರು ಉತ್ತುಹಾಕಿದರು. ಆ ಮೇ ತಿಂಗಳಲ್ಲಿ ಸರ್ಕಾರವು ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ ೨೫,೦೦೦ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ಕಟ್ಟಿ ಮಾರುವವರಿಗೆ ಹೆಕ್ಟೇರೆಲ್ಲಿಂದ ಬರಬೇಕು? ನಮ್ಮ ತಾಯಿ ಹೂವಮ್ಮನನ್ನು ಕರೆದು ರಾಗಿ ಕೊಟ್ಟರೆಂದೂ, ಹನ್ನೊಂದು ವರ್ಷದ ಮೇಲೆ ಅವಳು ನಮ್ಮ ಜಗಲಿಯಲ್ಲಿ ಕುಳಿತಳೆಂದೂ ಫೋನಿನಲ್ಲಿ ಕೇಳಿದೆನು. ಆಗಲೇ ಅವಳ ನಂಬರನ್ನು ಬರೆದಿಟ್ಟುಕೊಂಡೆನು.

ಮಾರನೆಯ ವರ್ಷ, ೨೦೨೧ರ ಆಗಸ್ಟ್ ೨೦, ವರಮಹಾಲಕ್ಷ್ಮಿಯ ಶುಕ್ರವಾರ. ಗೊರವನಹಳ್ಳಿಯ ಮಹಾಲಕ್ಷ್ಮಿಯಿಂದ ಹಿಡಿದು ಗುಡಿಸಲಿನ ಕಲಶದವರೆಗೆ ಎಲ್ಲರಿಗೂ ಹೂವು ಬೇಕಾಗುವ, ನಮ್ಮ ತಾಯಿಯಂಥವರು ಮಾತ್ರ ಬಾಗಿಲು ಮುಂದೂಡಿಕೊಂಡು ಒಳಗಿರುವ ದಿನ. ಮೂರು ದಿವಸ ಮುಂಚಿತವಾಗಿ ನಾನು ಹೂವಮ್ಮನಿಗೆ ಫೋನ್ ಮಾಡಿದೆನು.

"ಅಮ್ಮಾವ್ರಿಗಾ?" ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆ ಬಾಗಿಲ ಮುಂದೆ ಬಂದಾಗ ಇಷ್ಟು ವರ್ಷವೂ ದನಿ ತಗ್ಗಿಸಿ ಕೂಗ್ತಿದ್ದೆ ಅಮ್ಮಣ್ಣಿ, ಅವರಿಗೆ ಕೇಳಬಾರದು ಅಂತ."

ಮುಡಿಯುವುದಕ್ಕಲ್ಲ, ಗುಚ್ಛ ಬೇಕೆಂದೆನು. "ಬೊಕ್ಕೆಯಾ?" ಎಂದಳು. ಆ ಪರದೇಶದ ಶಬ್ದವು ನಮ್ಮವರ ಬಾಯಿಗೆ ಸಿಕ್ಕಿ ಚರ್ಮದ ಮೇಲೇಳುವ ಬೊಕ್ಕೆಯಾಗಿದೆ. ಹೂವಿಗೆ ಇದಕ್ಕಿಂತ ಅವಮಾನವಿಲ್ಲ. ದಂಟಿನ ತಾಪತ್ರಯವನ್ನು ಹೇಳಿದೆನು. ಅದನ್ನು ಅವಳೇ ತೀರಿಸಿದಳು: ಶಿರಾ ಕಡೆಯಿಂದ ಬೆಳಗಿನ ಬಸ್ಸಿಗೆ ಅವಳಿಗೆ ಮೂಟೆ ಹಾಕಿಸುವ ಬೆಳೆಗಾರನಿಗೆ ಹೇಳಿ, ಎರಡು ಹಿಡಿ ಸೇವಂತಿಗೆಯನ್ನು ಗೇಣುದ್ದ ಕಡ್ಡಿಯೊಡನೆ ಕೊಯ್ಯಿಸುವಳಂತೆ, ಸುಗಂಧರಾಜದ ಕಡ್ಡಿ ಅವಳಲ್ಲಿಯೇ ಉಂಟಂತೆ. ತುದಿಯನ್ನು ಓರೆಯಾಗಿ ಕತ್ತರಿಸಿ ಒದ್ದೆಬಟ್ಟೆ ಸುತ್ತಬೇಕೆಂದು ನಾನು ಶಾಲೆಯ ಪಾಠವನ್ನು ಒಪ್ಪಿಸತೊಡಗಿದೆನು. "ಒದ್ದೆಬಟ್ಟೆ ನನಗೆ ಹೇಳಿಕೊಡ್ತೀರಾ?" ಎಂದು ಅವಳು ನಕ್ಕಳು. ಬೆಲೆ ಇನ್ನೂರು ರೂಪಾಯಿ. ಹಬ್ಬದ ದರ, ಚೌಕಾಸಿ ಇಲ್ಲ. ಆ ದಿನ ಅವಳಿಗೆ ಒಂದು ಗಂಟೆಯ ಬೆಲೆ ಎಷ್ಟೆಂಬುದು ಬಲ್ಲವರಿಗೆ ಗೊತ್ತು.

ಮುಂದಿನದನ್ನು ತಾಯಿಯ ಬಾಯಿಂದಲೇ ಕೇಳಿದ್ದು. ಆರು ಗಂಟೆಗೆ ಹೂವಮ್ಮ ಬಾಗಿಲಿಗೆ ಬಂದು, ತಗ್ಗಿಸದ ದನಿಯಲ್ಲಿ, "ಅಮ್ಮಾವ್ರೇ, ಹೂವು" ಎಂದು ಕೂಗಿದಳಂತೆ. ತಾಯಿ ಬಂದವರು ಮುಟ್ಟಲಿಲ್ಲ. "ನನಗಾಗುತ್ತದೇನೇ ಇದು?" ಎಂದರು.

"ಇದು ಮುಡಿಯೋದಲ್ಲ, ದೇವರದ್ದೂ ಅಲ್ಲ."

"ಮತ್ತೆ?"

"ಸುಮ್ಮನೆ ನೋಡೋ ಹೂವು."

ತಾಯಿ ಒಳಕ್ಕೆ ಹೋಗಿ ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದರು. ಎಲ್ಲಿಡುವುದೆಂದು ಇಬ್ಬರೂ ಕೊಂಚ ಹೊತ್ತು ಯೋಚಿಸಿದರು. ತಂದೆಯವರ ಪಟದ ಮುಂದೆ ಇಡಬಹುದೆಂದು ಹೂವಮ್ಮ ಸೂಚಿಸಿದಳಂತೆ. "ಅವರಿಗೆ ದಿನವೂ ಉಂಟಲ್ಲ" ಎಂದು ನಮ್ಮ ತಾಯಿ ಚೊಂಬನ್ನು ತಮ್ಮ ಕನ್ನಡಕದ ಮಗ್ಗುಲಲ್ಲಿ, ಕಿಟಕಿಯ ಮೇಲಿಟ್ಟುಕೊಂಡರು. ಸುಗಂಧರಾಜವು ಕತ್ತಲಾದ ಮೇಲೆಯೇ ಚೆನ್ನಾಗಿ ಕಂಪುಬಿಡುವ ಹೂವು. ಆ ರಾತ್ರಿ ಬಹಳ ಹೊತ್ತು ಎಚ್ಚರವಾಗಿದ್ದೆನೆಂದು ಮಾತ್ರ ಅವರು ಹೇಳಿದರು.

ಅದೇ ತಿಂಗಳಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಗುಚ್ಛ, ಹಾರ, ಶಾಲುಗಳನ್ನು ಬಿಟ್ಟು ಕನ್ನಡ ಪುಸ್ತಕಗಳನ್ನು ಕೊಡಬೇಕೆಂದು ರಾಜ್ಯದಲ್ಲಿ ಆಜ್ಞೆಯಾಗಿತ್ತು. ನಮ್ಮ ಸಂಘದಲ್ಲಿಯೂ ಆಮೇಲೆ ಈ ಚರ್ಚೆ ನಡೆದದ್ದನ್ನು ಬಲ್ಲಿರಿ. ಪುಸ್ತಕವು ಉತ್ತಮವಾದುದೇ, ಅಗ್ರಾಸನಾಧಿಪತಿಗಳಿಗೆ ಅದನ್ನೇ ಕೊಡೋಣ. ಆದರೆ ನಮ್ಮ ತಾಯಿಗೆ ಪುಸ್ತಕ ಬೇಡವೆಂದು ಯಾರೂ ಹೇಳಿರಲಿಲ್ಲ. ಹೂವು ಬೇಡವೆಂದು ಹೇಳಿದ್ದರು.

ಈ ವರ್ತಮಾನವನ್ನು ಕೇಳಿದ ನನ್ನ ಸಹಪಾಠಿಯೊಬ್ಬಳು, ಪಾವಗಡದಲ್ಲಿರುವ ತನ್ನ ಅತ್ತೆಗೂ ಹೀಗೆ ಆಗಬಹುದೇ ಎಂದು ವಿಚಾರಿಸಿದಳು. ಮೂರು ಕಡೆಯೂ ಆಂಧ್ರದ ಸೀಮೆಯಿರುವ ಆ ಊರಿಗೆ ಮಧುಗಿರಿಯ ಗುಚ್ಛ ಹೋಗುವ ಹೊತ್ತಿಗೆ ಮಧ್ಯಾಹ್ನವಾದೀತು. "ಹೂವು ಯಾಕೆ ಹೋಗಬೇಕು, ಮಾತು ಹೋದರೆ ಸಾಲದಾ?" ಎಂದಳು ಹೂವಮ್ಮ. ಪಾವಗಡದಲ್ಲಿ ಅವಳ ನೆಂಟಳೊಬ್ಬಳು ಹೂವು ಕಟ್ಟುವಳಂತೆ. ಹೇಳಿದರೆ ಅಲ್ಲಿಯೇ ಮಾಡಿಕೊಡುವಳಂತೆ. ೧೯೧೦ರಲ್ಲಿ ಅಮೆರಿಕ ದೇಶದ ಹದಿನೈದು ಮಂದಿ ಹೂವಿನ ವರ್ತಕರು ಒಟ್ಟುಗೂಡಿ, ದೂರದೂರಿನ ಗಿರಾಕಿಯ ಬೇಡಿಕೆಯನ್ನು ತಂತಿಯಲ್ಲಿ ಕಳುಹಿಸಿ ಆಯಾ ಊರಿನವನಿಂದಲೇ ಹೂವು ಕೊಡಿಸುವ ಒಪ್ಪಂದವನ್ನು ಮಾಡಿಕೊಂಡರೆಂದು ಓದಿದ್ದೇನೆ. ನಮ್ಮ ದೇಶದಲ್ಲಿ ೨೦೧೩ರಲ್ಲಿ ತಂತಿಯೇ ನಿಂತುಹೋಯಿತು. ಹೂವಮ್ಮನಿಗೆ ಇದೆಲ್ಲಾ ತಿಳಿಯದು. ಆದರೆ ವ್ಯಾಪಾರವು ಅದೇ.

ಈಗ ಶುಕ್ರವಾರಕ್ಕೊಂದು ಗುಚ್ಛವೆಂದು ವರ್ತನೆ ಗೊತ್ತಾಗಿದೆ. ಮೊದಲು ನಾನೇ ಹಣ ಕಳುಹಿಸುತ್ತಿದ್ದೆನು. ನಾಲ್ಕು ತಿಂಗಳಾದ ಮೇಲೆ ಹೂವಮ್ಮನು ನನ್ನ ಹಣವನ್ನು ತಿರುಗಿಸಿದಳು, ತಾಯಿಯವರೇ ಕೊಟ್ಟುಬಿಟ್ಟರಂತೆ. ಚೆಂಡುಹೂವು ಬೇಡ, ಅದರ ವಾಸನೆ ತಲೆಗೇರುತ್ತದೆ, ಅದರ ಬದಲು ಎರಡು ಕಡ್ಡಿ ದವನ ಸೇರಿಸು ಎಂದೂ ಹೇಳಿದ್ದಾರಂತೆ.