ಕೂತು ಉಣ್ಣುವ ಭಾಗ್ಯ

ಏಳು ದಿನ ದೊಡ್ಡ ಹೋಟೆಲಿನ ಕೋಣೆ. ಹೊತ್ತು ಹೊತ್ತಿಗೆ ಬಾಗಿಲಿಗೇ ಬರುವ ಊಟ. ಪಾತ್ರೆ ತಿಕ್ಕುವಂತಿಲ್ಲ, ಬಟ್ಟೆ ಒಣಹಾಕುವಂತಿಲ್ಲ, ನಾಳೆ ಬೆಳಿಗ್ಗೆ ತಿಂಡಿಗೆ ಏನು ಎಂದು ರಾತ್ರಿ ಮಲಗುವಾಗ ತಲೆ ಕೆಡಿಸಿಕೊಳ್ಳುವಂತಿಲ್ಲ. ಇಂಥದೊಂದು ಮಾತು ಕಿವಿಗೆ ಬಿದ್ದರೆ ನಮ್ಮಂಥ ಗೃಹಿಣಿಯರಿಗೆ ಆಸೆಯಾಗದೆ ಇದ್ದೀತೇ? ನನ್ನ ಓರಗಿತ್ತಿಗೂ ಹಾಗೇ ಆಯಿತು. ‘ನೀನು ಪುಣ್ಯವಂತೆ ಮಾರಾಯ್ತಿ, ಕೂತು ಉಣ್ಣುವ ಭಾಗ್ಯ ಯಾರಿಗುಂಟು!’ ಎಂದು ಫೋನಿನಲ್ಲೇ ನಿಟ್ಟುಸಿರು ಬಿಟ್ಟಳು. 2021ರ ಏಪ್ರಿಲ್ ತಿಂಗಳಲ್ಲಿ ಆ ಭಾಗ್ಯವನ್ನು ಏಳು ದಿನ ಉಂಡವಳು ನಾನು. ಅದರ ರುಚಿ ಹೇಗಿತ್ತೆಂದು ಹೇಳುತ್ತೇನೆ, ಕೇಳಿ.

ನನ್ನ ತವರು ಅಂಕೋಲೆ ತಾಲೂಕಿನ ಮಂಜಗುಣಿ. ಗಂಗಾವಳಿ ಹೊಳೆ ಸಮುದ್ರ ಸೇರುವ ಜಾಗ. ಆಚೆ ದಡದಲ್ಲಿ ಗಂಗಾವಳಿ ಊರು, ಅದರಾಚೆ ಗೋಕರ್ಣ. ನಾವು ಸಣ್ಣವರಿದ್ದಾಗ ಗೋಕರ್ಣದ ಜಾತ್ರೆಗೆ ಹೋಗಬೇಕಾದರೆ ತಾರಿ ದೋಣಿಯೇ ಗತಿ. ಮದುವೆಯಾದ ಮೇಲೆ ನಾನು ದಾಟಿದ್ದು ಹೊಳೆಯನ್ನಲ್ಲ, ಅರಬ್ಬೀ ಸಮುದ್ರವನ್ನೇ! ನಮ್ಮ ಯಜಮಾನರಿಗೆ ಒಮಾನ್ ದೇಶದ ಮಸ್ಕತ್ತಿನಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಂಜಗುಣಿಯ ಮನೆಯಲ್ಲಿ ಒಬ್ಬಳೇ. ‘ನಮ್ಮ ಜೊತೆ ಬಾ’ ಎಂದು ಎಷ್ಟು ಕರೆದರೂ ‘ನಿಮ್ಮ ಊರಲ್ಲಿ ಹೊಳೆ ಇಲ್ಲ, ಬಸಳೆ ಚಪ್ಪರ ಇಲ್ಲ, ನಾನು ಎಂತ ಮಾಡೂದು?’ ಎಂಬ ಒಂದೇ ಉತ್ತರ.

ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಕೊರೋನಾ ಬಂದ 2020ರ ವರ್ಷವಿಡೀ ನನ್ನಂಥವರ ಹೆಸರೇ ಟಿ.ವಿ.ಯಲ್ಲಿ: ‘ಸಕ್ಕರೆ ಇದ್ದವರು ಜೋಕೆ, ಬಿ.ಪಿ. ಇದ್ದವರು ಜೋಕೆ!’ ಒಮಾನಿನಲ್ಲಿ ಆ ವರ್ಷದ ಕೊನೆಗೆ ಲಸಿಕೆ ಶುರುವಾಯಿತು. ಮೊದಲ ಸರದಿ ಆಸ್ಪತ್ರೆಯ ಸಿಬ್ಬಂದಿಗೆ ಮತ್ತು ಕಾಯಿಲೆಯುಳ್ಳ ಹಿರಿಯರಿಗೆ. ಐವತ್ತೆರಡರ ನನಗೆ ಎಂದು ಸಿಗುತ್ತದೋ ಯಾರಿಗೆ ಗೊತ್ತು? ಅಷ್ಟರಲ್ಲಿ ಸುದ್ದಿ ಬಂತು. ಭಾರತದಲ್ಲಿ 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೂ, ನಲವತ್ತೈದು ದಾಟಿ ಇಂಥ ಕಾಯಿಲೆ ಇದ್ದವರಿಗೂ ಲಸಿಕೆ ಕೊಡುತ್ತಾರೆ. ‘ಹೋಗಿ ಬಾ, ಅಮ್ಮನಿಗೂ ಹಾಕಿಸಿದ ಹಾಗಾಯ್ತು’ ಎಂದರು ಇವರು. ಲಸಿಕೆಗಾಗಿ ಸಮುದ್ರ ದಾಟುವುದೆಂದರೆ ಹುಚ್ಚೇ ಎಂದು ಒಂದಿಬ್ಬರು ನಕ್ಕರು. ನಗಲಿ ಬಿಡಿ. ಅಮ್ಮನ ಮುಖ ನೋಡದೆ ಒಂದೂವರೆ ವರ್ಷವಾಗಿತ್ತು, ಅದನ್ನು ಅವರಿಗೆಲ್ಲಿ ಹೇಳಲಿ?

ಅಂಕೋಲೆಯ ಸರಕಾರಿ ಆಸ್ಪತ್ರೆಯಲ್ಲಿ ಮಾರ್ಚ್ 10ರಂದು ತಾಯಿ ಮಗಳಿಬ್ಬರೂ ಅಕ್ಕಪಕ್ಕ ಕುರ್ಚಿಯಲ್ಲಿ ಕೂತು ಕೋವಿಶೀಲ್ಡ್ ಚುಚ್ಚಿಸಿಕೊಂಡೆವು. ಎಪ್ಪತ್ತೆಂಟರ ಅಮ್ಮ ಸೀರೆಯ ಸೆರಗು ಸರಿಸಿ ತೋಳು ಒಡ್ಡಿದಾಗ ಅಲ್ಲಿ ಸಣ್ಣವಳಿದ್ದಾಗ ಹಾಕಿಸಿಕೊಂಡ ಸಿಡುಬಿನ ಅಚ್ಚು ಇನ್ನೂ ರೂಪಾಯಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ‘ಆಗ ಅಚ್ಚು ಹಾಕುವವರು ಬಂದ್ರೆ ಹಿತ್ತಲಿಗೆ ಓಡಿ ಅಡಗಿ ಕೂರ್ತಿದ್ವು. ಈಗ ನಾವೇ ಹುಡುಕಿ ಬಂದೇವೆ’ ಎಂದು ನಕ್ಕಳು. ಇಪ್ಪತ್ತೆಂಟು ದಿನ ಕಳೆದ ಮೇಲೆ ಎರಡನೆಯದು. ಆದರೆ ಏಪ್ರಿಲ್ 8ರ ಆ ದಿನ ಅಮ್ಮನಿಗೆ ನೆಗಡಿ ಜ್ವರ. ‘ಪೂರಾ ಗುಣವಾದ ಮೇಲೆ ಬನ್ನಿ’ ಎಂದರು ಆಸ್ಪತ್ರೆಯವರು. ನನಗೆ ಎರಡಾಯಿತು, ಅವಳಿಗೆ ಒಂದೇ ಉಳಿಯಿತು. ಇತ್ತ ನನ್ನ ಟಿಕೇಟು ಏಪ್ರಿಲ್ 11ಕ್ಕೆ. ಒಮಾನಿನವರು ಆಗಲೇ ತಮ್ಮ ದೇಶದವರು ಮತ್ತು ವಾಸದ ಪರವಾನಗಿ ಇದ್ದವರು ಮಾತ್ರ ಬರಬಹುದೆಂದು ಬಾಗಿಲು ಕಿರಿದು ಮಾಡಿದ್ದರು. ‘ನೀ ಹೋಗು, ನಂಗೆ ಎಂತಾತ್ತದೆ?’ ಎಂದಳು ಅಮ್ಮ. ಹೊರಟೆ.

ಮಸ್ಕತ್ತಿನಲ್ಲಿ ಇಳಿದರೆ ನೇರ ಮನೆಗೆ ಹೋಗುವಂತಿಲ್ಲ. ಆ ಫೆಬ್ರವರಿಯಿಂದಲೇ ಹೊರಗಿನಿಂದ ಬಂದವರೆಲ್ಲ ತಮ್ಮ ಖರ್ಚಿನಲ್ಲಿ ಏಳು ದಿನ ಹೋಟೆಲಿನಲ್ಲಿ ಕ್ವಾರಂಟೈನ್ ಇರಬೇಕೆಂಬ ಕಟ್ಟಳೆ ಬಂದಿತ್ತು. ‘ಎರಡು ಚುಚ್ಚುಮದ್ದು ಆಗಿದೆಯಲ್ಲ’ ಎಂದರೂ ಆಗ ವಿನಾಯಿತಿ ಇರಲಿಲ್ಲ. ಯೋಚಿಸಿದರೆ ಅದರಲ್ಲಿ ಅರ್ಥವಿತ್ತು. ಲಸಿಕೆ ಹಾಕಿಸಿಕೊಂಡವರಿಗೂ ಸೋಂಕು ತಗಲಬಹುದು. ತಗಲಿದ ದಿನವೇ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ, ಹೆಚ್ಚಿನವರಿಗೆ ನಾಲ್ಕೈದು ದಿನ ಹಿಡಿಯುತ್ತದೆ. ಅದಕ್ಕೇ ಇಳಿದ ದಿನ ಒಂದು ಪರೀಕ್ಷೆ, ಎಂಟನೆಯ ದಿನ ಇನ್ನೊಂದು. ನಮ್ಮ ಕಡೆಯವರಿಗೂ ಇದು ಹೊಸದಲ್ಲ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಬಂದ ಮೊದಲ ವಿಶೇಷ ವಿಮಾನದವರೂ ಮನೆಗೆ ಹೋಗುವ ಮೊದಲು ಹೋಟೆಲು, ಹಾಸ್ಟೆಲುಗಳಲ್ಲಿ ದಿನ ಎಣಿಸಿದವರೇ.

ಅಂತೂ ಮುಂಗೈಗೆ ಬಳೆಯ ಪಕ್ಕ ಒಂದು ರಬ್ಬರಿನ ಪಟ್ಟಿ ತೊಡಿಸಿದರು. ನಾನು ಎಲ್ಲಿದ್ದೇನೆಂದು ಅದು ಸರಕಾರಕ್ಕೆ ಹೇಳುತ್ತದಂತೆ. ಕೋಣೆ ಚೆನ್ನಾಗಿಯೇ ಇತ್ತು ಎನ್ನಿ. ಬಿಳಿ ಹಾಸಿಗೆ, ದೊಡ್ಡ ಕನ್ನಡಿ, ನೀರು ಕಾಯಿಸುವ ಕೆಟಲ್. ಕಿಟಕಿ ಮಾತ್ರ ತೆರೆಯುವುದಿಲ್ಲ. ಹೊರಗೆ ಒಂದು ರಸ್ತೆ, ಅದರಾಚೆ ಹುಲ್ಲುಕಡ್ಡಿ ಇಲ್ಲದ ಕಂದು ಗುಡ್ಡ. ದಿನಕ್ಕೆ ಮೂರು ಸಲ ಗಂಟೆ ಬಾರಿಸುತ್ತದೆ. ಬಾಗಿಲು ತೆರೆದರೆ ನೆಲದ ಮೇಲೆ ಪೊಟ್ಟಣ, ಇಟ್ಟವರು ಆಗಲೇ ಮಾಯ! ಊಟ ತಂದವರ ಮುಖ ನೋಡದೆ, ‘ಸಾಕಾ, ಇನ್ನಷ್ಟು ಬೇಕಾ’ ಎಂಬ ಮಾತು ಕೇಳದೆ ಉಣ್ಣುವುದಿದೆಯಲ್ಲ, ಅದು ಎಂಥ ಊಟವಾದರೂ ಗಂಟಲಲ್ಲೇ ನಿಲ್ಲುತ್ತದೆ. ಬಡಿಸುವ ಕೆಲಸವನ್ನು ನಾವು ಬರೀ ಕೆಲಸ ಎಂದುಕೊಂಡಿರುತ್ತೇವೆ. ಅನ್ನದ ಅರ್ಧ ರುಚಿ ಅದರಲ್ಲೇ ಇದೆ ಎಂದು ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ.

ಊಟದ ಪೊಟ್ಟಣದಲ್ಲಿ ಬಿಳಿ ಅನ್ನ, ಮೈದಾದ ಬನ್ನು, ಹಣ್ಣಿನ ರಸದ ಡಬ್ಬಿ. ಎಲ್ಲವೂ ನನ್ನ ಸಕ್ಕರೆಗೆ ವೈರಿ! ಎರಡನೆಯ ದಿನ ಬೆಳಿಗ್ಗೆ ಯಂತ್ರದಲ್ಲಿ ನೋಡಿದರೆ ಖಾಲಿ ಹೊಟ್ಟೆಯಲ್ಲೇ 190. ಕೈಕಾಲು ತಣ್ಣಗಾಯಿತು. ಕೆಳಗೆ ಫೋನು ಮಾಡಿ, ಬೇಯಿಸಿದ ಮೊಟ್ಟೆ, ಮೊಸರು, ಸೌತೆಕಾಯಿ ಕೊಟ್ಟರೆ ಸಾಕು ಎಂದು ಬೇಡಿಕೊಂಡೆ. ಮೂರು ಸಲ ಹೇಳಿದ ಮೇಲೆ ಬಂತು.

ಆ ಹೊತ್ತಿಗೆ ನನ್ನನ್ನು ಕೈಹಿಡಿದು ನಡೆಸಿದ್ದು ಅಮ್ಮನ ಫೋನು. ಯಜಮಾನರೂ ಮಕ್ಕಳೂ ಮಾಡುತ್ತಿದ್ದರು, ಇಲ್ಲವೆಂದಲ್ಲ. ಆದರೆ ‘ಹೇಗಿದ್ದೀ?’ ಎಂದರೆ ‘ಚೆನ್ನಾಗಿದ್ದೇನೆ’ ಎಂದಲ್ಲಿಗೆ ಮಾತು ಮುಗಿಯುತ್ತಿತ್ತು. ಅಮ್ಮನ ಪ್ರಶ್ನೆಯೇ ಬೇರೆ. ‘ಮಿಂದ್ಯನೇ? ಹಾಸಿಗೆ ಮಡಚಿದ್ಯಾ? ಮಧ್ಯಾಹ್ನ ಮಲಗೂದು ಬೇಡ, ರಾತ್ರೆ ನಿದ್ದೆ ಬರೂದಿಲ್ಲ. ಹಗಲು ಉಟ್ಟ ಸೀರೆಲೇ ಮಲಗ್ಬೇಡ. ಉಂಡ್ಯಾ? ಎಂತ ಕೊಟ್ರು?’ ಒಂಬತ್ತು ವರ್ಷ ಒಬ್ಬಳೇ ಮನೆಯಲ್ಲಿ ದಿನ ನೂಕಿದವಳು ಅವಳು. ಒಂದು ಹಗಲನ್ನು ಹೇಗೆ ತುಂಡು ತುಂಡು ಮಾಡಿ ಮುಗಿಸಬೇಕೆಂದು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು? ಅವಳು ಹೇಳಿದಂತೆ ಹಾಸಿಗೆ ಮಡಚಿದೆ, ಬೆಳಿಗ್ಗೆಯೇ ಸ್ನಾನ ಮಾಡಿ ಇಸ್ತ್ರಿಯ ಸೀರೆ ಉಟ್ಟೆ. ಹಾಸಿಗೆಯಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಊಟವಾದ ಮೇಲೆಲ್ಲ ಅರ್ಧ ಗಂಟೆ ಅತ್ತಿಂದಿತ್ತ ನಡೆದೆ. ನಾಲ್ಕನೆಯ ದಿನಕ್ಕೆ ಸಕ್ಕರೆ ಇಳಿಯಿತು, ಮನಸ್ಸೂ ಒಂದು ಹದಕ್ಕೆ ಬಂತು.

ಮೂರನೆಯ ದಿನ, ಏಪ್ರಿಲ್ 13, ಯುಗಾದಿ. ಪ್ಲವ ಸಂವತ್ಸರ. ಪ್ಲವ ಎಂದರೆ ತೇಲುವುದು, ದೋಣಿ ಎಂಬ ಅರ್ಥವೂ ಇದೆಯಂತೆ. ಒಳ್ಳೆಯ ಹೆಸರೇ ಸಿಕ್ಕಿತು ಎಂದುಕೊಂಡೆ. ಮಾವಿನೆಲೆಯ ತೋರಣವಿಲ್ಲ, ಬೇವಂತೂ ಆ ಕೋಣೆಯಲ್ಲಿ ಎಲ್ಲಿಂದ ಬರಬೇಕು? ಅಮ್ಮನಿಗೆ ಹೇಳಿದರೆ, ‘ಸಕ್ಕರೆಗೆ ಮೆಂತೆ ತಿಂತೀಯಲ್ಲೇ, ಅದೇನು ಸಿಹಿಯಾ? ನಾಲ್ಕು ಕಾಳು ಬಾಯಿಗೆ ಹಾಕ್ಕೋ, ಒಂದು ಚೂರು ಬೆಲ್ಲ ನಂಚ್ಕೋ. ದೇವರಿಗೆ ತಿಳೀತದೆ’ ಎಂದಳು. ಮನೆಗೆಂದು ಕಟ್ಟಿಕೊಂಡು ಹೋಗಿದ್ದ ಜೋನಿಬೆಲ್ಲದ ಡಬ್ಬಿ ಬಿಚ್ಚಿ, ಉಗುರಿನಷ್ಟು ತೆಗೆದು ಮೆಂತೆ ಕಾಳಿನ ಜೊತೆ ಬಾಯಿಗೆ ಹಾಕಿಕೊಂಡೆ. ಅಷ್ಟು ಕಹಿಯ ಯುಗಾದಿಯನ್ನೂ ಅಷ್ಟು ಸಿಹಿಯ ಬೆಲ್ಲವನ್ನೂ ನಾನು ಬೇರೆಂದೂ ಕಂಡದ್ದಿಲ್ಲ.

ಈ ಕ್ವಾರಂಟೈನ್ ಎಂಬ ಪದದ ಹುಟ್ಟನ್ನು ಮಗ ಫೋನಿನಲ್ಲಿ ಹೇಳಿದ. ಯುರೋಪಿನಲ್ಲಿ ಪ್ಲೇಗು ಬಂದ ಕಾಲದಲ್ಲಿ, 1377ರಲ್ಲಿ, ಇಂದು ಡುಬ್ರೊವ್ನಿಕ್ ಎನ್ನುವ ರಗೂಸಾ ಪಟ್ಟಣದವರು ರೋಗವಿದ್ದ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸಿದರಂತೆ. ಮುಂದೆ ಅದು ನಲವತ್ತಾಯಿತು. ಇಟಲಿಯವರ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಂತಾ ಎಂದು ಹೆಸರು. ಅದರಿಂದ ಕ್ವಾರಂಟೈನ್. ನನಗೆ ನಗು ಬಂತು. ನಲವತ್ತು ದಿನ ಎಂದರೆ ನಮಗೆ ಬಾಣಂತಿಯ ಕೋಣೆಯಲ್ಲವೇ? ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು, ಹೊಸಿಲು ದಾಟಬಾರದು. ತಿಂಗಳಿಗೆ ಮೂರು ದಿನ ಮೂಲೆಯಲ್ಲಿ ಕೂತದ್ದೂ ನಮ್ಮ ತಲೆಮಾರಿಗೆ ನೆನಪಿದೆ. ಮನೆಯಲ್ಲಿ ಸಿಡುಬು ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ನೆರೆಮನೆಯವರು ಅಕ್ಕಿ ಬೆಲ್ಲ ತಂದು ಜಗಲಿಯ ಮೇಲಿಟ್ಟು ದೂರ ನಿಂತು ಕೂಗುತ್ತಿದ್ದರು ಎಂದು ಅಮ್ಮ ಹೇಳುವುದುಂಟು. ಇವೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೆಲವು ಹೋದದ್ದೇ ಒಳ್ಳೆಯದಾಯಿತು. ಆದರೆ ದೂರ ನಿಂತು ಕೂಗುವ ಆ ದನಿಯೊಂದಿತ್ತಲ್ಲ, ಅದಿಲ್ಲದ ಏಕಾಂತವೇ ನಿಜವಾದ ಸೆರೆ.

ರಾತ್ರಿಗಳು ಮಾತ್ರ ಕಷ್ಟವಾದವು. ಟಿ.ವಿ. ಹಾಕಿದರೆ ಭಾರತದ ಎರಡನೆಯ ಅಲೆಯ ಸುದ್ದಿ. ಆಕ್ಸಿಜನ್ ಇಲ್ಲ, ಹಾಸಿಗೆ ಇಲ್ಲ. ನಾನು ಎರಡು ಲಸಿಕೆ ಹಾಕಿಸಿಕೊಂಡು ಈ ದಡದಲ್ಲಿ ಬೆಚ್ಚಗೆ ಕೂತಿದ್ದೇನೆ, ಅಮ್ಮ ಒಂದೇ ಲಸಿಕೆಯಲ್ಲಿ ಆ ದಡದಲ್ಲಿ. ನಡುವೆ ಕಾಣುವಷ್ಟು ಸಣ್ಣ ಹೊಳೆಯೇ, ‘ತಾರೀ’ ಎಂದು ಕೂಗಿ ಕರೆಯಲು?

ಎಂಟನೆಯ ದಿನದ ಪರೀಕ್ಷೆಯಲ್ಲಿ ರೋಗವಿಲ್ಲವೆಂದು ಬಂತು. ಕೈಪಟ್ಟಿ ಬಿಚ್ಚಿ ಮನೆಗೆ ಹೋದೆ. ಅದಾಗಿ ಒಂದು ವಾರವೂ ಕಳೆದಿರಲಿಲ್ಲ, ಏಪ್ರಿಲ್ 24ರ ಸಂಜೆಯಿಂದ ಭಾರತದಿಂದ ಬರುವವರಿಗೆ ಒಮಾನ್ ಬಾಗಿಲು ಹಾಕಿತು. ಮತ್ತೆ ತೆರೆದದ್ದು ಸೆಪ್ಟೆಂಬರ್ 1ಕ್ಕೆ. ಅಮ್ಮನ ಬಳಿ ಹೋದರೆ ಮರಳಿ ಬರುವಂತಿಲ್ಲ, ಹೋಗದಿದ್ದರೆ ನಿದ್ದೆಯಿಲ್ಲ. ಏಪ್ರಿಲ್ ಕೊನೆಗೆ ಕರ್ನಾಟಕವೂ ಬಂದಾಯಿತು. ನಮ್ಮ ಕೇರಿಯ ಮೂರು ಮನೆಗಳಲ್ಲಿ ಜ್ವರ ಎಂದು ಗೊತ್ತಾದ ಮೇಲೆ ಅಮ್ಮ ಅಂಗಳಕ್ಕೂ ಇಳಿಯದಾದಳು. ಈಗ ಕೋಣೆಯಲ್ಲಿ ಕೂತವಳು ಅವಳು, ಫೋನು ಮಾಡುವವಳು ನಾನು. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟು, ನಮ್ಮ ಊರಿನ ಗಂಟೆಯ ಲೆಕ್ಕದಲ್ಲಿ. ‘ಹೇಗಿದ್ದೀ’ ಎಂದು ಕೇಳಲಿಲ್ಲ. ‘ಮಿಂದ್ಯಾ? ಗಂಜಿಗೆ ಎಂತ ನಂಚಿಕೊಂಡಿ? ಬಸಳೆಗೆ ನೀರು ಹಾಕಿದ್ರಾ ಪಕ್ಕದ ಮನೆಯವರು?’ ಎಂದೇ ಕೇಳಿದೆ. ಗಂಜಿಯ ರುಚಿ ಹತ್ತಲಿಲ್ಲ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಉಪ್ಪಿನಕಾಯಿ ಖಾರವಾಯಿತು ಎಂದು ಬೈದರೆ ‘ಸದ್ಯ, ನಾಲಿಗೆ ಚೆನ್ನಾಗಿದೆ’ ಎಂದು ಜೀವ ಬರುತ್ತಿತ್ತು.

ಲಸಿಕೆಯ ಕೊರತೆಯೂ ಆಯಿತು. ಮೇ 13ರಂದು ಎರಡು ಡೋಸುಗಳ ನಡುವಿನ ಅಂತರವನ್ನು ಹನ್ನೆರಡರಿಂದ ಹದಿನಾರು ವಾರಕ್ಕೆ ಏರಿಸಿದರು. ಕಾದು ಕಾದು ಜೂನ್ ತಿಂಗಳಲ್ಲಿ ಪಕ್ಕದ ಮನೆಯ ಹುಡುಗ ಅಮ್ಮನನ್ನು ಮಳೆಯಲ್ಲೇ ಕರೆದೊಯ್ದು ಎರಡನೆಯದನ್ನೂ ಹಾಕಿಸಿ ತಂದ. ‘ಹಾಕ್ಸಕೊಂಡೆ. ಅಚ್ಚು ಬೀಳಲಿಲ್ಲ, ಇದೆಂತಾ ಲಸಿಕೆ!’ ಎಂದಳು. ಮಸ್ಕತ್ತಿನ ಅಡಿಗೆಮನೆಯಲ್ಲಿ ಕೂತು ನಾನು ನಗುತ್ತಲೇ ಅತ್ತುಬಿಟ್ಟೆ.

ನಿಮಗೆ ಕ್ವಾರಂಟೈನ್ ಎಂದೂ ಬಾರದಿರಲಿ. ಆದರೆ ಆಸ್ಪತ್ರೆಯ ವಾಸ, ಸೊಂಟ ಮುರಿದು ಹಾಸಿಗೆ ಹಿಡಿಯುವುದು, ಬಾಣಂತನ, ಇವು ಯಾರ ಮನೆಗೂ ಬರಬಹುದು. ಹಾಗೆ ಒಳಗುಳಿಯಬೇಕಾಗಿ ಬಂದರೆ ಸಮಯಕ್ಕೆ ಸ್ನಾನ, ಹಗಲಿಗೊಂದು ಸೀರೆ, ರಾತ್ರಿಗೊಂದು ಸೀರೆ, ಇಷ್ಟನ್ನು ಬಿಡಬೇಡಿ. ಹೊರಗೆ ಇಳಿದುಕೊಳ್ಳುವುದಿದ್ದರೆ ಒಂದು ಚೀಲದಲ್ಲಿ ತೆಳು ಅವಲಕ್ಕಿ, ಹುರಿದ ಶೇಂಗಾ, ಒಣಕೊಬ್ಬರಿ ತುರಿ, ಕೊತ್ತಂಬರಿ-ಜೀರಿಗೆ-ಒಣಮೆಣಸು ಹುರಿದ ಪುಡಿ ಇಟ್ಟುಕೊಳ್ಳಿ. ಅವಲಕ್ಕಿಗೆ ಬಿಸಿನೀರು ಚಿಮುಕಿಸಿ, ಪುಡಿ, ಉಪ್ಪು, ಕೊಬ್ಬರಿ, ಶೇಂಗಾ ಕಲಸಿ ಐದು ನಿಮಿಷ ಮುಚ್ಚಿಟ್ಟರೆ ತಿಂಡಿಯಾಯಿತು. ನಾಲ್ಕು ಮುರುಗಲ ಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಉಪ್ಪು, ಜೀರಿಗೆ ಪುಡಿ ಹಾಕಿದರೆ ಬಾಯಿಗೆ ರುಚಿ. ಸಕ್ಕರೆಯವರು ಅವಲಕ್ಕಿ ಒಂದು ಹಿಡಿಗೆ ನಿಲ್ಲಿಸಿ, ಶೇಂಗಾ ಸ್ವಲ್ಪ ಹೆಚ್ಚು ಹಾಕಿಕೊಳ್ಳಿ. ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಿರಿ.

ಇನ್ನು, ನಿಮ್ಮವರು ಯಾರಾದರೂ ಒಳಗೆ ಕೂತಿದ್ದರೆ, ಅತ್ತೆಯಾಗಲಿ, ತಾಯಿಯಾಗಲಿ, ಪಕ್ಕದ ಮನೆಯ ಒಂಟಿ ಅಜ್ಜಿಯಾಗಲಿ, ‘ಚೆನ್ನಾಗಿದ್ದೀರಾ’ ಎಂದಷ್ಟೇ ಕೇಳಿ ಫೋನು ಇಡಬೇಡಿ. ಇಂದು ಏನು ಉಂಡಿರಿ, ಅದಕ್ಕೆ ಉಪ್ಪು ಸರಿಯಿತ್ತೇ ಎಂದು ಕೇಳಿ. ಉತ್ತರ ಉದ್ದವಾಗಿ ಬರುತ್ತದೆ, ಕೇಳುವ ವ್ಯವಧಾನವಿರಲಿ.