ಸಮುದ್ರದೊಳಗೆ ಹಲ್ಲುನೋವು!

ನೇತ್ರಾಣಿಗೆ ಹೋಗಿ ಬಂದು ಮೂರು ವಾರ ಆಯ್ತು. "ಸ್ಕೂಬಾ ಹೇಗಿತ್ತು?" ಅಂತ ಕೇಳಿದೋರಿಗೆಲ್ಲ "ಸೂಪರ್" ಅಂತ ಹೇಳ್ಕೊಂಡು ಓಡಾಡ್ತಿದೀನಿ. ನಿಜ ಏನಪ್ಪಾ ಅಂದ್ರೆ ನಾನಲ್ಲಿ ಮೀನಿಗಿಂತ ಜಾಸ್ತಿ ನೋಡಿದ್ದು ನಕ್ಷತ್ರಗಳನ್ನ!

ಮುರುಡೇಶ್ವರದಲ್ಲಿ ದೋಣಿ ಹತ್ತೋಕೆ ಮುಂಚೆ ಒಂದು ಫಾರಂ ಕೊಟ್ರು. ಆಸ್ತಮಾ, ಹೃದಯ, ಕಿವಿ... ಎಲ್ಲದಕ್ಕೂ 'ಇಲ್ಲ' ಅಂತ ಬರೆದೆ. ಹಲ್ಲಿನ ಬಗ್ಗೆ ಅವರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ವರ್ಷಗಳ ಹಿಂದೆ ಸಿಮೆಂಟ್ ತುಂಬಿಸಿದ್ದೆ. ಇತ್ತೀಚೆಗೆ ತಣ್ಣೀರು ತಾಗಿದ್ರೆ ಜುಂ ಅಂತಿತ್ತು. ಬಲಗಡೆಯಿಂದ ಕುಡಿಯೋದು ಅಭ್ಯಾಸ ಮಾಡ್ಕೊಂಡಿದ್ದೆ, ಅಷ್ಟೆ.

ನೀರೊಳಗೆ ನಾಲ್ಕೈದು ಮೀಟರ್ ಇಳಿದಾಗ ಆ ಹಲ್ಲು ಶುರು ಮಾಡ್ತು. ಕೆನ್ನೆ ತೋರಿಸಿದೆ. ಕೈಹಿಡಿದು ಕರ್ಕೊಂಡು ಹೋಗ್ತಿದ್ದ ಹುಡುಗ ಕಿವಿನೋವು ಅಂದ್ಕೊಂಡು, ಮೂಗು ಹಿಡಿದು ಊದು ಅಂತ ಸನ್ನೆ ಮಾಡಿದ. ಊದಿದೆ. ಕಿವಿ ಬಿಡ್ತು, ಹಲ್ಲು ಬಿಡಲಿಲ್ಲ. ದುಡ್ಡು ಕೊಟ್ಟಾಗಿದೆ, ಚಿಕ್ಕಪ್ಪನ ಮಗ ಮುಂದೆ ಹೋಗ್ತಿದಾನೆ ಅಂತ ಸುಮ್ನೆ ಇಳಿದೆ. ಏಳೆಂಟು ಮೀಟರಿಗೆ ಹಲ್ಲಿಗೆ ಯಾರೋ ಮೊಳೆ ಹೊಡೆದ ಹಾಗಾಯ್ತು. ಬಾಯಲ್ಲಿರೋ ರಬ್ಬರ್ ಉಗಿದು ಮೇಲಕ್ಕೆ ಹಾರಿಬಿಡಬೇಕು ಅನ್ನಿಸ್ತು ನೋಡಿ, ಅದನ್ನ ನೆನೆಸಿಕೊಂಡ್ರೆ ಈಗಲೂ ಭಯ. ಉಸಿರು ಬಿಗಿಹಿಡಿದು ಮೇಲಕ್ಕೆ ಹಾರಿದ್ರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಾನೇ ಹರೀಬಹುದು ಅಂತ ದೋಣೀಲಿ ಹೇಳಿದ್ರು. ಪುಣ್ಯಾತ್ಮ ಹುಡುಗ ತೋಳು ಬಿಡಲೇ ಇಲ್ಲ. ಹೆಬ್ಬೆರಳು ಮೇಲೆ ಮಾಡಿದೆ. ನಿಧಾನಕ್ಕೆ ಮೇಲೆ ಬಂದ್ವಿ. ಬರ್ತಾ ಬರ್ತಾ ನೋವು ಇಳೀತು. ದೋಣಿ ಹತ್ತೋ ಹೊತ್ತಿಗೆ ಏನೂ ಇಲ್ಲ! ನಾನೇ ನಾಟಕ ಮಾಡಿದೆನೇನೋ ಅನ್ನೋ ಹಾಗೆ ಎಲ್ಲರೂ ನನ್ನ ಮುಖ ನೋಡ್ತಿದ್ರು.

ಬೆಂಗಳೂರಿಗೆ ಬಂದು ಎಕ್ಸ್‌ರೇ ತೆಗೆಸಿದ್ರೆ ಸಿಮೆಂಟ್ ಕೆಳಗೆ ಹುಳುಕು, ಒಳಗೆ ಟೊಳ್ಳು. ಡಾಕ್ಟ್ರು ಹೇಳಿದ್ದು ಇಷ್ಟು: ಹತ್ತು ಮೀಟರ್ ಇಳಿದ್ರೆ ನೀರಿನ ಒತ್ತಡ ಸೇರಿ ಮೈಮೇಲಿನ ಒತ್ತಡ ಎರಡು ಪಟ್ಟಾಗತ್ತೆ, ಗಾಳಿ ಅರ್ಧಕ್ಕೆ ಕುಗ್ಗತ್ತೆ. ಕಿವಿಗಾದ್ರೆ ಮೂಗು ಹಿಡಿದು ಗಾಳಿ ತುಂಬಬಹುದು, ಹಲ್ಲಿನ ಟೊಳ್ಳಿಗೆ ಎಲ್ಲಿಂದ ತುಂಬ್ತೀರಿ? ಕೆಳಗಿದ್ದಾಗ ಸಂದಿಯಲ್ಲಿ ಗಾಳಿ ನುಗ್ಗಿ ಸಿಕ್ಕಿಹಾಕಿಕೊಂಡ್ರೆ ಮೇಲೆ ಬರುವಾಗ ಅದು ಹಿಗ್ಗಿ ಸಿಮೆಂಟ್ ಕಿತ್ತು ಬರಬಹುದು, ಹಲ್ಲೇ ಸೀಳಬಹುದು. ಎರಡನೇ ಮಹಾಯುದ್ಧದಲ್ಲಿ ವಿಮಾನ ಓಡಿಸೋರನ್ನೂ ಇದೇ ನೋವು ಕಾಡಿತ್ತಂತೆ. ಮೇಲಿನ ದವಡೆ ಹಲ್ಲಾದ್ರೆ ಇನ್ನೊಂದು ತಮಾಷೆ: ಅದರ ಬೇರಿನ ಪಕ್ಕದಲ್ಲೇ ಸೈನಸ್ ಇರೋದ್ರಿಂದ ನೆಗಡಿ ಇಟ್ಕೊಂಡು ಇಳಿದ್ರೂ ಹಲ್ಲುನೋವಿನ ಹಾಗೇ ಇರತ್ತಂತೆ.

"ಡಾಕ್ಟ್ರೇ, ದವಡೆ ಕೀಲೂ ನೋಯ್ತಿದೆ" ಅಂದೆ.

"ಹೆದರಿಕೆಗೆ ಆ ರಬ್ಬರನ್ನ ಗಟ್ಟಿಯಾಗಿ ಕಚ್ಚಿದೀರಿ. ಮೆತ್ತಗೆ ಹಿಡೀಬೇಕು ಕಣ್ರೀ" ಅಂತ ನಕ್ಕರು.

ರೂಟ್ ಕೆನಾಲ್ ಎರಡು ಸಿಟಿಂಗ್ ಆಗಿದೆ. ಕ್ಯಾಪ್ ಹಾಕೋವರೆಗೂ ಸಮುದ್ರದ ಮಾತೇ ಎತ್ತಬೇಡಿ ಅಂದಿದಾರೆ. ಅಲ್ಲಿ ಚಿಕ್ಕಪ್ಪನ ಮಗ ಮಾತ್ರ ಆಮೆ ನೋಡಿದ್ನಂತೆ, ದಿನಾ ಒಂದು ಫೋಟೋ ಕಳಿಸಿ ಹೊಟ್ಟೆ ಉರಿಸ್ತಿದಾನೆ.