ಮರಳುವ ತಂತಿ

ಮಿನಿಯಾಪೊಲಿಸ್‌ನ ಜನವರಿ. ಮಗನ ಮನೆಯಲ್ಲಿ, ಚಳಿಯನ್ನು ಅಳೆದು ನೆಲಮಾಳಿಗೆಯ ಫರ್ನೇಸಿಗೆ ಅಪ್ಪಣೆ ಕೊಡುವ ಥರ್ಮೋಸ್ಟಾಟ್ ಕೆಟ್ಟಿತ್ತು. ಅವನು ವಿದ್ಯುತ್ತು ಆರಿಸಿ ಹೊಸದನ್ನು ಕೂರಿಸಲು ನಿಂತ; ಟಾರ್ಚು ಹಿಡಿಯುವ ಉದ್ಯೋಗ ನನ್ನದಾಯಿತು.

ಆರ್ ಎಂಬಲ್ಲಿ 24 ವೋಲ್ಟಿನ ತಂತಿ. ಡಬ್ಲ್ಯು ಕಾವಿಗೆ, ವೈ ತಂಪಿಗೆ, ಜಿ ಫ್ಯಾನಿಗೆ. "ಬಣ್ಣ ನಂಬಬೇಡಿ ಅಪ್ಪ, ಅಕ್ಷರ ನೋಡಿ" ಎಂದ.

ಗೋಡೆಯೊಳಗೆ ಸುಮ್ಮನೆ ಬಿಟ್ಟಿದ್ದ ಐದನೆಯ ತಂತಿಯನ್ನು ಎಳೆದು, ಎರಡೂ ತುದಿಗಳನ್ನು ಸಿ ಎಂಬಲ್ಲಿ ಬಿಗಿದ. ಹಳೆಯದಕ್ಕೆ ಇದು ಬೇಕಿರಲಿಲ್ಲವಂತೆ. "ಹೋದ ವಿದ್ಯುತ್ತು ಮರಳುವ ದಾರಿ ಇದು. ಇಲ್ಲದಿದ್ದರೆ ಹೊಸದು ನಡೆಯದು."

ನಾನು ಮಾತಾಡಲಿಲ್ಲ. ಹನ್ನೆರಡು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು.

ಕೆಳಗೆ ಫರ್ನೇಸು ಗುರ್ ಎಂದಿತು.

"ಎಷ್ಟಕ್ಕಿಡಲಿ ಅಪ್ಪ?"

"ನಿಮ್ಮಮ್ಮನಿಗೆ ಚಳಿ" ಎಂದೆ.

ಎರಡು ಡಿಗ್ರಿ ಏರಿಸಿದ.